ಒಂದೇ ದನಿ, ಬೇರೆ ಬೇರೆ ಕಿವಿ

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರ್ ಕೌಂಟಿಯ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ವರ್ಷದ ಮಕ್ಕಳು ಒಬ್ಬರಿಂದ ಒಬ್ಬರು ದೂರ ದೂರ ಕುಳಿತಿರುತ್ತಾರೆ. ಮುಂದೆ ಪೆನ್ಸಿಲ್, ರಬ್ಬರು, ಒಂದು ಪ್ರಶ್ನೆಪುಸ್ತಿಕೆ, ಬೇರೆಯಾಗಿ ಒಂದು ಉತ್ತರ ಹಾಳೆ. ಪ್ರತಿದಿನ ಪಾಠ ಹೇಳುವ ಟೀಚರು ಅಲ್ಲೇ ನಿಂತಿದ್ದಾರೆ. ಆದರೆ ಈ ದಿನ ಪರೀಕ್ಷೆಯ ಸೂಚನೆ ಕೊಡುವುದು ಅವರ ಕೆಲಸವಲ್ಲ. ಅವರು ಗುಂಡಿ ಒತ್ತುತ್ತಾರೆ. ಮಕ್ಕಳು ಎಂದೂ ಮುಖ ನೋಡದ ಯಾರದೋ ದನಿ ಕೋಣೆಯನ್ನು ತುಂಬುತ್ತದೆ. ಪುಸ್ತಿಕೆ ಯಾವಾಗ ತೆರೆಯಬೇಕು, ಯಾವ ಉದಾಹರಣೆ ನೋಡಬೇಕು, ಯಾವಾಗ ಆರಂಭಿಸಬೇಕು, ಯಾವಾಗ ಪೆನ್ಸಿಲ್ ಕೆಳಗಿಡಬೇಕು, ಎಲ್ಲವನ್ನೂ ಆ ದನಿಯೇ ಹೇಳುತ್ತದೆ. ಅದು ಯಾರಿಗೂ ಕಾಯುವುದಿಲ್ಲ.

ಇದು 'ಇಲೆವೆನ್ ಪ್ಲಸ್' ಎಂದು ಹೆಸರಾದ ಪರೀಕ್ಷೆ. ಹನ್ನೊಂದನೆಯ ವಯಸ್ಸಿಗೆ ಮಗು ಗ್ರಾಮರ್ ಶಾಲೆಗೆ ಹೋಗಬೇಕೋ ಬೇರೆ ಶಾಲೆಗೆ ಹೋಗಬೇಕೋ ಎಂಬುದನ್ನು ಇದು ತೀರ್ಮಾನಿಸುತ್ತದೆ. ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ ಅಂಥ 13 ಗ್ರಾಮರ್ ಶಾಲೆಗಳಿವೆ. ಅರ್ಹತೆಗೆ ಬೇಕಾದ ಅಂಕ 121. ಒಂದೇ ಒಂದು ಅಂಕ ಕಡಿಮೆಯಾದರೂ ಮಗುವಿನ ದಾರಿ ಬೇರೆಯಾಗಬಹುದು. ಅಂಥ ಪರೀಕ್ಷೆಯಲ್ಲಿ ಟೀಚರ ಬಾಯಿ ಕಟ್ಟಿ ಯಂತ್ರದ ಬಾಯಿ ತೆರೆದದ್ದು ಏಕೆ? ಅದರಿಂದ ನ್ಯಾಯ ಹೆಚ್ಚಿತೆ? ಈ ಪ್ರಶ್ನೆಗಳ ಹಿಂದೆ ಸುಮಾರು ನೂರು ವರ್ಷದ ಕಥೆಯಿದೆ.

ಪ್ರಶ್ನೆಗಿಂತ ಮೊದಲು ಸೂಚನೆ

ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿಮಾಪನದ ಮೊದಲ ಪರೀಕ್ಷೆಯನ್ನು ರೂಪಿಸಿದಾಗ ಪರೀಕ್ಷಕ ಮತ್ತು ಮಗು ಎದುರುಬದುರು ಕೂರುತ್ತಿದ್ದರು. ಮಗು ಬೆದರಿದೆಯೇ, ಮಾತು ಅರ್ಥವಾಯಿತೇ ಎಂಬುದು ಪರೀಕ್ಷಕನಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುವಷ್ಟು ಕಾಲ ಬೇರೆ ಸರ್ಕಾರಗಳಿಗೆ ಇರಲಿಲ್ಲ. 1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ಲಕ್ಷಗಟ್ಟಲೆ ಸೈನಿಕರನ್ನು ವಿಂಗಡಿಸಬೇಕಾಗಿ ಬಂತು. ರಾಬರ್ಟ್ ಯರ್ಕ್ಸ್ ಎಂಬ ಮನೋವಿಜ್ಞಾನಿಯ ನೇತೃತ್ವದಲ್ಲಿ 'ಆರ್ಮಿ ಆಲ್ಫಾ' ಎಂಬ ಸಾಮೂಹಿಕ ಪರೀಕ್ಷೆ ಸಿದ್ಧವಾಯಿತು. ಸುಮಾರು 17 ಲಕ್ಷ ಜನ ಸೈನ್ಯದ ಈ ಪರೀಕ್ಷೆಗಳಿಗೆ ಕುಳಿತರು.

ಆಲ್ಫಾದ ಮೊದಲ ಭಾಗವೇ ಕಿವಿಯ ಪರೀಕ್ಷೆ. ಅಧಿಕಾರಿ ಒಂದು ಆಜ್ಞೆ ಹೇಳುತ್ತಿದ್ದ. ಯಾವ ವೃತ್ತದಲ್ಲಿ ಯಾವ ಗುರುತು ಹಾಕಬೇಕು, ಯಾವ ಅಂಕಿ ಬರೆಯಬೇಕು ಎಂಬುದನ್ನು ಕೇಳಿಸಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಮಾಡಬೇಕಿತ್ತು. ಇಂಗ್ಲಿಷ್ ಬಾರದ ವಲಸಿಗರಿಗೂ ಓದು ಬಾರದವರಿಗೂ 'ಬೀಟಾ' ಎಂಬ ಬೇರೆ ಪರೀಕ್ಷೆ ಮಾಡಿ, ಅದರ ಸೂಚನೆಗಳನ್ನು ಮೂಕಾಭಿನಯದಲ್ಲಿ ತೋರಿಸಿದರು. ಸೂಚನೆ ತಿಳಿಯದವನ ಬುದ್ಧಿಯನ್ನು ಅಳೆಯಲಾಗದು ಎಂಬ ಸರಳ ಸತ್ಯವನ್ನು ಸೈನ್ಯವೂ ಒಪ್ಪಿಕೊಳ್ಳಬೇಕಾಯಿತು.

ಹಳ್ಳಿಯ ಮಕ್ಕಳಿಗಾಗಿ

ಇಂಗ್ಲೆಂಡಿನಲ್ಲಿ ಈ ವಿದ್ಯೆ ಶಾಲೆಯೊಳಗೆ ಬಂದದ್ದು ಒಂದು ಒಳ್ಳೆಯ ಉದ್ದೇಶದಿಂದ. ಆಗ ಪ್ರೌಢಶಾಲೆಗೆ ಶುಲ್ಕ ಕಟ್ಟಬೇಕಿತ್ತು. 1907ರ ನಿಯಮದ ಪ್ರಕಾರ ಸರ್ಕಾರದ ಅನುದಾನ ಪಡೆಯುವ ಪ್ರೌಢಶಾಲೆಗಳು ಸಾಮಾನ್ಯವಾಗಿ ಕಾಲುಭಾಗದಷ್ಟು ಸ್ಥಾನಗಳನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಉಚಿತವಾಗಿ ಬಿಟ್ಟುಕೊಡಬೇಕಾಯಿತು. ಆ ಸ್ಥಾನಗಳಿಗಾಗಿ ನಡೆಯುತ್ತಿದ್ದದ್ದು 'ಸ್ಕಾಲರ್‌ಷಿಪ್' ಪರೀಕ್ಷೆ. ನಾರ್ಥಂಬರ್‌ಲೆಂಡ್ ಕೌಂಟಿಯ ಅಧಿಕಾರಿಗಳು ಒಂದು ವಿಚಿತ್ರವನ್ನು ಗಮನಿಸಿದರು. ಅನೇಕ ಹಳ್ಳಿಶಾಲೆಗಳಿಂದ ಪರೀಕ್ಷೆಗೆ ಒಬ್ಬ ಅಭ್ಯರ್ಥಿಯೂ ಬರುತ್ತಿರಲಿಲ್ಲ. ಹಳ್ಳಿಯ ಮಕ್ಕಳಲ್ಲಿ ಬುದ್ಧಿವಂತರೇ ಇಲ್ಲವೆಂದು ನಂಬಲು ಅವರು ಸಿದ್ಧರಿರಲಿಲ್ಲ.

ಅವರು ನೆರವು ಕೇಳಿದ್ದು ನ್ಯೂಕ್ಯಾಸಲ್‌ನಲ್ಲಿ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಾಡ್‌ಫ್ರಿ ಥಾಮ್ಸನ್ ಅವರಲ್ಲಿ. ಒಳ್ಳೆಯ ಮೇಷ್ಟರು ಸಿಗದ, ಪುಸ್ತಕ ಸಿಗದ ಮಗುವೂ ಉತ್ತರಿಸಬಲ್ಲ ಪ್ರಶ್ನೆಗಳು ಬೇಕಾಗಿದ್ದವು. 1921ರಲ್ಲಿ 'ನಾರ್ಥಂಬರ್‌ಲೆಂಡ್ ಮಾನಸಿಕ ಪರೀಕ್ಷೆ' ಹುಟ್ಟಿಕೊಂಡಿತು. 1925ರಲ್ಲಿ ಥಾಮ್ಸನ್ ಎಡಿನ್‌ಬರೋಗೆ ಹೋದರು. ಅಲ್ಲಿನ ಮೊರೇ ಹೌಸ್ ಶಿಕ್ಷಕರ ತರಬೇತಿ ಕಾಲೇಜಿನ ಹೆಸರು ಹೊತ್ತ ಪರೀಕ್ಷೆಗಳು ಮುಂದೆ ಬ್ರಿಟನ್ನಿನ ನೂರಾರು ಸಾವಿರ ಮಕ್ಕಳ ಭವಿಷ್ಯವನ್ನು ನಿರ್ಧರಿಸಿದವು. ಇದರಿಂದ ಬಂದ ಗೌರವಧನವನ್ನು ಥಾಮ್ಸನ್ ತಾವು ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು.

ಮೊರೇ ಹೌಸ್ ಪರೀಕ್ಷೆಯ ಶಿಸ್ತು ಎಂಥದೆಂಬುದಕ್ಕೆ 1932ರ ಜೂನ್ 1 ಸಾಕ್ಷಿ. ಆ ಒಂದೇ ದಿನ ಸ್ಕಾಟ್ಲೆಂಡಿನ ಶಾಲೆಗಳಲ್ಲಿ 1921ರಲ್ಲಿ ಹುಟ್ಟಿದ 87,498 ಮಕ್ಕಳು ಒಂದೇ ಪರೀಕ್ಷೆಯನ್ನು ಬರೆದರು. ಅವಧಿ 45 ನಿಮಿಷ. ಸೂಚನೆಗಳನ್ನು ಅಚ್ಚಿನಲ್ಲಿ ಇದ್ದ ಹಾಗೆಯೇ ಓದಿಹೇಳಬೇಕು, ಸಮಯವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಹೇಳಿದ್ದನ್ನು ಹೇಳಿದಂತೆ ಮಾಡುವುದೇ ಅದರ ಕೆಲವು ಪ್ರಶ್ನೆಗಳ ತಿರುಳು. ಇದಾಗಿ 66 ವರ್ಷಗಳ ನಂತರ, 1998ರ ಜೂನ್ 1ರಂದು, ಅಂದು ಪರೀಕ್ಷೆ ಬರೆದವರಲ್ಲಿ ಕೆಲವರು ಅಬರ್ಡೀನ್ ನಗರದ ಸಭಾಂಗಣವೊಂದರಲ್ಲಿ ಸೇರಿ ಅದೇ ಪರೀಕ್ಷೆಯನ್ನು ಮತ್ತೆ ಬರೆದರು. ಹನ್ನೊಂದರ ಮಕ್ಕಳು ಎಪ್ಪತ್ತೇಳರ ವೃದ್ಧರಾಗಿದ್ದರು. ಹಳೆಯ ಮತ್ತು ಹೊಸ ಅಂಕಗಳನ್ನು ಹೋಲಿಸಲು ಸಾಧ್ಯವಾದದ್ದು ಪರೀಕ್ಷೆ ನಡೆಸುವ ಕ್ರಮ ಬದಲಾಗದೆ ಉಳಿದಿದ್ದರಿಂದ. ಸೂಚನೆಯ ಏಕರೂಪತೆಗೆ ವಿಜ್ಞಾನಿಗಳು ಅಷ್ಟೊಂದು ಬೆಲೆ ಕೊಡುವುದು ಇದಕ್ಕಾಗಿಯೇ.

ಮೈಸೂರಿನ ಒಂದು ಕೊಂಡಿ

ಈ ಕಥೆಗೆ ಕನ್ನಡನಾಡಿನಲ್ಲೂ ಒಂದು ಕೊಂಡಿಯಿದೆ. ವಿ. ವಿ. ಕಾಮತ್ ಅವರು ಧಾರವಾಡದ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿದರು. ಅವರ ಆ ಕೆಲಸದ ಪುಸ್ತಕ 1940ರಲ್ಲಿ ಹೊರಬಂತು. ಪ್ಯಾರಿಸ್ಸಿನ ಮಗುವಿಗೆ ಕೇಳಿದ್ದನ್ನು ಧಾರವಾಡದ ಮಗುವಿಗೆ ಹಾಗೆಯೇ ಕೇಳಿದರೆ ಅಳತೆ ತಪ್ಪುತ್ತದೆ. ಪ್ರಶ್ನೆಯನ್ನಷ್ಟೇ ಅಲ್ಲ, ಪ್ರಶ್ನೆ ಹೇಳುವ ಮಾತನ್ನೂ ಮಗುವಿನ ಮನೆಯ ಮಾತಿಗೆ ತರಬೇಕಾಗುತ್ತದೆ.

ಇನ್ನೊಬ್ಬರು ಮೈಸೂರಿನ ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಸಿದ್ಧಾಂತಕಾರ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಕನ್ನಡಿಗರಿಗೆ ಅವರ ನೆನಪು ಉಳಿದಿರುವುದು ಬೇರೊಂದು ಕಾರಣಕ್ಕೆ. 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ನಿಂತಿತು. ಮನಸ್ಸನ್ನು ಅಳೆಯುವ ವಿದ್ಯೆ ಮತ್ತು ಮುಖವಿಲ್ಲದ ದನಿಯನ್ನು ಮನೆಮನೆಗೆ ಮುಟ್ಟಿಸುವ ವಿದ್ಯೆ ಎರಡೂ ಒಬ್ಬರೇ ಮೇಷ್ಟರ ಕೈಯಲ್ಲಿ ಕೂಡಿದ್ದವು. ಇಂಗ್ಲೆಂಡಿನ ಪರೀಕ್ಷಾ ಕೋಣೆಯಲ್ಲಿ ಅವೆರಡೂ ಕೂಡಲು ಇನ್ನೂ ಕಾಲ ಬೇಕಿತ್ತು.

ಕಾಯಿದೆಯಲ್ಲಿ ಇಲ್ಲದ ಪರೀಕ್ಷೆ

ಹನ್ನೊಂದನೆಯ ವಯಸ್ಸಿಗೆ ಮಕ್ಕಳು ಪ್ರಾಥಮಿಕ ಶಾಲೆಯಿಂದ ಮುಂದಿನ ಶಾಲೆಗೆ ಹೋಗಬೇಕೆಂದು 1926ರ ಹ್ಯಾಡೋ ವರದಿ ಸಲಹೆ ಮಾಡಿತ್ತು. 1944ರಲ್ಲಿ ಸಚಿವ ಆರ್. ಎ. ಬಟ್ಲರ್ ತಂದ ಶಿಕ್ಷಣ ಕಾಯಿದೆ ಸರ್ಕಾರಿ ವ್ಯವಸ್ಥೆಯ ಪ್ರೌಢಶಿಕ್ಷಣವನ್ನು ಎಲ್ಲರಿಗೂ ಉಚಿತ ಮಾಡಿತು. ಇದು ದೊಡ್ಡ ಹೆಜ್ಜೆ. ಆದರೆ ಎಲ್ಲರಿಗೂ ಒಂದೇ ಬಗೆಯ ಶಾಲೆ ಇರಲಿಲ್ಲ. ವಿಶ್ವವಿದ್ಯಾಲಯದತ್ತ ದಾರಿ ತೋರುವ ಗ್ರಾಮರ್ ಶಾಲೆ, ಕಸುಬಿನತ್ತ ತಿರುಗುವ ತಾಂತ್ರಿಕ ಶಾಲೆ, ಉಳಿದವರಿಗೆ 'ಸೆಕೆಂಡರಿ ಮಾಡರ್ನ್'. ತಾಂತ್ರಿಕ ಶಾಲೆಗಳು ಹೆಚ್ಚು ಏಳಲೇ ಇಲ್ಲ. ಹೀಗಾಗಿ ವಿಂಗಡಣೆ ಎಂದರೆ ಗೆದ್ದವರು ಮತ್ತು ಸೋತವರು ಎಂಬಂತಾಯಿತು. ಇಲೆವೆನ್ ಪ್ಲಸ್ ಎಂಬ ಪರೀಕ್ಷೆಯ ಹೆಸರು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಸ್ಥಳೀಯ ಶಿಕ್ಷಣಾಧಿಕಾರಿಗಳು ಸ್ಥಾನ ಹಂಚಲು ಹುಡುಕಿದ ಉಪಾಯ ಅದು.

ಬುದ್ಧಿ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ಅದನ್ನು ಹನ್ನೊಂದನೆಯ ವಯಸ್ಸಿನಲ್ಲಿ ಅಳೆದುಬಿಡಬಹುದು ಎಂಬ ನಂಬಿಕೆ ಆ ಕಾಲದಲ್ಲಿ ಬಲವಾಗಿತ್ತು. 1913ರಿಂದ ಲಂಡನ್ ಕೌಂಟಿಯ ಮನೋವಿಜ್ಞಾನಿಯಾಗಿದ್ದ ಸಿರಿಲ್ ಬರ್ಟ್ ಆ ನಂಬಿಕೆಯ ಪ್ರಮುಖ ವಕ್ತಾರರು. 1971ರಲ್ಲಿ ಅವರು ತೀರಿಕೊಂಡ ಮೇಲೆ ಅವಳಿ ಮಕ್ಕಳ ಕುರಿತ ಅವರ ಅಂಕಿಅಂಶಗಳ ಮೇಲೆ ಸಂಶಯ ಎದ್ದಿತು. 1976ರಲ್ಲಿ ಪತ್ರಿಕೆಯೊಂದು ವಂಚನೆಯ ಆರೋಪ ಹೊರಿಸಿತು. 1979ರಲ್ಲಿ ಬರ್ಟ್ ಅವರ ಜೀವನಚರಿತ್ರೆ ಬರೆದ ಲೆಸ್ಲಿ ಹರ್ನ್‌ಶಾ ಕೂಡ ಆರೋಪ ಒಪ್ಪಿದರು. ಅವರನ್ನು ಸಮರ್ಥಿಸಿದವರೂ ಮುಂದೆ ಬಂದರು. ಆದರೆ ಅಷ್ಟರಲ್ಲಿ ಎರಡು ತಲೆಮಾರಿನ ಮಕ್ಕಳು ಪರೀಕ್ಷೆ ದಾಟಿ ಹೋಗಿದ್ದರು.

ಅಭ್ಯಾಸದ ಗುಟ್ಟು

ಬುದ್ಧಿ ಹುಟ್ಟಿನಿಂದಲೇ ಬರುವುದಾದರೆ ಮನೆಪಾಠದಿಂದ ಅಂಕ ಏರಬಾರದು. ತಂದೆತಾಯಿಗಳಿಗೆ ಮಾತ್ರ ಬೇರೆಯೇ ಅನುಭವವಾಗುತ್ತಿತ್ತು. ಪುಸ್ತಕದ ಅಂಗಡಿಗಳಲ್ಲಿ ಅಭ್ಯಾಸದ ಪ್ರಶ್ನೆಪತ್ರಿಕೆಗಳು ಮಾರಾಟವಾಗುತ್ತಿದ್ದವು. 1950ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿನ ಮನೋವಿಜ್ಞಾನಿ ಫಿಲಿಪ್ ವರ್ನನ್ ಈ ವಿಷಯವನ್ನು ಬಹಿರಂಗವಾಗಿ ಎತ್ತಿದರು. ತರಬೇತಿ ಮತ್ತು ಅಭ್ಯಾಸದಿಂದ ಮಗುವಿನ ಅಂಕ ಹತ್ತಕ್ಕೂ ಹೆಚ್ಚು ಏರಬಹುದು ಎಂಬುದು ಅವರ ಮಾತಿನ ಸಾರ. ಅರ್ಹತೆಯ ಗೆರೆಯ ಆಸುಪಾಸಿನಲ್ಲಿ ಸಾವಿರಾರು ಮಕ್ಕಳು ಗುಂಪುಗೂಡಿರುವಾಗ ಹತ್ತು ಅಂಕ ಎಂದರೆ ಸಣ್ಣದಲ್ಲ.

ಆ ಕಾಲದ ಸಂಶೋಧನೆಗಳಲ್ಲಿ ಇನ್ನೂ ಮುಖ್ಯವಾದ ಒಂದು ಸಂಗತಿ ಹೊರಬಿತ್ತು. ಏರಿಕೆಯ ದೊಡ್ಡ ಪಾಲು ಮೊದಮೊದಲ ಕೆಲವು ಗಂಟೆಗಳ ಅಭ್ಯಾಸದಲ್ಲೇ ಬಂದುಬಿಡುತ್ತದೆ. ಅನಂತರ ತಿಂಗಳುಗಟ್ಟಲೆ ತಿಕ್ಕಿದರೂ ಅಷ್ಟು ಲಾಭವಿಲ್ಲ. ಎಂದರೆ ಮಗುವಿನ ಬುದ್ಧಿ ಏಕಾಏಕಿ ಬೆಳೆಯುವುದಿಲ್ಲ, ಪರೀಕ್ಷೆಯ ಅಪರಿಚಿತತೆ ಕಳೆಯುತ್ತದೆ. ಹಾಳೆ ಹೇಗಿರುತ್ತದೆ, ಸೂಚನೆ ಹೇಗಿರುತ್ತದೆ, ಎಷ್ಟು ಬೇಗ ಮಾಡಬೇಕು ಎಂಬುದು ಮೊದಲೇ ಗೊತ್ತಿದ್ದ ಮಗು ಮೊದಲ ಸಲ ಕಂಡ ಮಗುವಿಗಿಂತ ಮುಂದೆ ಇರುತ್ತದೆ. ಇದಕ್ಕೆ ಪರಿಹಾರವೂ ಸರಳವಾಗಿತ್ತು. ಆ ಕೆಲವು ಗಂಟೆಗಳ ಪರಿಚಯವನ್ನು ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಕೊಟ್ಟರೆ ಹಣವಿದ್ದವರ ಮೇಲುಗೈ ತಗ್ಗುತ್ತದೆ.

ಅಳತೆಯ ದೋಷ ಅಷ್ಟಕ್ಕೇ ನಿಲ್ಲಲಿಲ್ಲ. 1957ರಲ್ಲಿ ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ಸಂಶೋಧನಾ ಪ್ರತಿಷ್ಠಾನದ ಅಧ್ಯಯನ, ಒಳ್ಳೆಯ ವಿಧಾನ ಅನುಸರಿಸಿದರೂ ಹತ್ತು ಮಕ್ಕಳಲ್ಲಿ ಒಂದಾದರೂ ತಪ್ಪು ಶಾಲೆಗೆ ಹೋಗುತ್ತದೆ ಎಂದು ತೋರಿಸಿತು. ಹುಡುಗಿಯರಿಗೆ ಇನ್ನೊಂದು ಅನ್ಯಾಯ. ಬರ್ಮಿಂಗ್‌ಹ್ಯಾಮ್‌ನಲ್ಲಿ ಗ್ರಾಮರ್ ಶಾಲೆಗಳಲ್ಲಿ ಹುಡುಗರಿಗೆ 540 ಸ್ಥಾನಗಳಿದ್ದರೆ ಹುಡುಗಿಯರಿಗೆ 360 ಇದ್ದವು. ಒಂದೇ ಅಂಕ ಪಡೆದರೂ ಹುಡುಗ ಒಳಗೆ, ಹುಡುಗಿ ಹೊರಗೆ. 1989ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಇದು ಕಾನೂನುಬಾಹಿರ ತಾರತಮ್ಯ ಎಂದು ತೀರ್ಪು ಕೊಟ್ಟಿತು.

ಈ ಅಸಮಾಧಾನವೇ 1965ರಲ್ಲಿ ಸಚಿವ ಆಂಟನಿ ಕ್ರಾಸ್‌ಲೆಂಡ್ ಅವರ ಸುತ್ತೋಲೆಗೆ ಹಿನ್ನೆಲೆಯಾಗಿತ್ತು. ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗುವ 'ಕಾಂಪ್ರಿಹೆನ್ಸಿವ್' ಪದ್ಧತಿಗೆ ಯೋಜನೆ ಹಾಕುವಂತೆ ಅದು ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಮುಂದಿನ ವರ್ಷಗಳಲ್ಲಿ ಬಹುತೇಕ ಕಡೆ ಪರೀಕ್ಷೆ ಹೋಯಿತು. ಹೊಸ ಗ್ರಾಮರ್ ಶಾಲೆ ತೆರೆಯುವುದನ್ನು 1998ರ ಕಾಯಿದೆ ನಿಷೇಧಿಸಿತು. ಆದರೂ ಇಂಗ್ಲೆಂಡಿನಲ್ಲಿ 163 ಗ್ರಾಮರ್ ಶಾಲೆಗಳು ಉಳಿದುಕೊಂಡವು. ಶಾಲೆಗಳು ಕಡಿಮೆಯಾದಷ್ಟೂ ಅವುಗಳ ಬಾಗಿಲಲ್ಲಿ ನೂಕುನುಗ್ಗಲು ಹೆಚ್ಚಿತು.

ಟೀಚರ ಬದಲು ಯಂತ್ರ

ಇಂಗ್ಲೆಂಡಿನ ತರಗತಿಗೆ ಮುಖವಿಲ್ಲದ ದನಿ ಹೊಸದೇನಲ್ಲ. ಬಿ.ಬಿ.ಸಿ. 1924ರಲ್ಲೇ ಶಾಲೆಗಳಿಗಾಗಿ ಬಾನುಲಿ ಪಾಠ ಆರಂಭಿಸಿತ್ತು. 1963ರಲ್ಲಿ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ ತಂದ ಮೇಲೆ ದನಿಯನ್ನು ಬೇಕಾದಾಗ ನುಡಿಸುವುದು ಸುಲಭವಾಯಿತು. ವಿದೇಶಿ ಭಾಷೆಗಳ ಪರೀಕ್ಷೆಗಳಲ್ಲಿ 'ಕೇಳಿ ಉತ್ತರಿಸಿ' ಎಂಬ ಭಾಗಕ್ಕೆ ಟೇಪು ಬಂತು. ಕರ್ನಾಟಕದ ಶಾಲಾಮಕ್ಕಳಿಗೂ 'ಕೇಳಿ ಕಲಿ'ಯಂಥ ಬಾನುಲಿ ಪಾಠಗಳು ಪರಿಚಿತ. ಆದರೆ ಪಾಠದ ದನಿಗೂ ಪರೀಕ್ಷೆಯ ದನಿಗೂ ವ್ಯತ್ಯಾಸವಿದೆ. ಪಾಠದಲ್ಲಿ ಒಂದು ಮಾತು ತಪ್ಪಿದರೆ ಮೇಷ್ಟರನ್ನು ಕೇಳಬಹುದು.

ಪರೀಕ್ಷೆಯ ಸೂಚನೆಗಳನ್ನೂ ಮುದ್ರಿಸಿಡುವುದಕ್ಕೆ ಕಾರಣಗಳು ಸ್ಪಷ್ಟ. ಒಬ್ಬ ಟೀಚರು ನಿಧಾನವಾಗಿ ಓದುತ್ತಾರೆ, ಇನ್ನೊಬ್ಬರು ಅವಸರದಲ್ಲಿ ಮುಗಿಸುತ್ತಾರೆ. ಒಬ್ಬರು ಕಷ್ಟದ ಪದವನ್ನು ಒತ್ತಿ ಹೇಳುತ್ತಾರೆ. ತಮ್ಮದೇ ಶಾಲೆಯ ಮಕ್ಕಳು ಎಂಬ ಮಮತೆಯಿಂದ ಇನ್ನೊಂದು ಉದಾಹರಣೆ ಸೇರಿಸುವವರೂ ಇರಬಹುದು. ಗಡಿಯಾರ ನೋಡುವುದರಲ್ಲಿ ಅರ್ಧ ನಿಮಿಷ ಆಚೀಚೆ ಆಗಬಹುದು. ಐದಾರು ನಿಮಿಷದ ಸಣ್ಣ ಭಾಗಗಳಾಗಿ ಒಡೆದ ಪರೀಕ್ಷೆಯಲ್ಲಿ ಅರ್ಧ ನಿಮಿಷವೂ ಅಂಕವೇ. ಮುದ್ರಿತ ದನಿಗೆ ಮಮತೆಯೂ ಇಲ್ಲ, ಮರೆವೂ ಇಲ್ಲ. ಕೌಂಟಿಯ ಈ ತುದಿಯ ಶಾಲೆಯಲ್ಲೂ ಆ ತುದಿಯ ಶಾಲೆಯಲ್ಲೂ ಅದು ಅದೇ ಮಾತನ್ನು ಅಷ್ಟೇ ಹೊತ್ತಿನಲ್ಲಿ ಹೇಳುತ್ತದೆ.

ಬಕಿಂಗ್‌ಹ್ಯಾಮ್‌ಷೈರ್ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಒಂದು ಭಾಷೆ ಮತ್ತು ಪದತರ್ಕಕ್ಕೆ, ಇನ್ನೊಂದು ಗಣಿತ, ಚಿತ್ರತರ್ಕ ಮತ್ತು ಆಕಾರಗಳಿಗೆ. ಸೂಚನೆಯೂ ಸೇರಿ ಒಂದೊಂದಕ್ಕೆ ಸುಮಾರು ಒಂದು ಗಂಟೆ. ಪ್ರತಿ ಭಾಗಕ್ಕೂ ಬೇರೆ ಸಮಯ. ಉತ್ತರವನ್ನು ಪ್ರಶ್ನೆಪುಸ್ತಿಕೆಯಲ್ಲಲ್ಲ, ಪ್ರತ್ಯೇಕ ಹಾಳೆಯ ಪುಟ್ಟ ಚೌಕಗಳಲ್ಲಿ ಪೆನ್ಸಿಲ್ ಗೆರೆ ಎಳೆದು ಗುರುತಿಸಬೇಕು. ಹಾಳೆಯನ್ನು ಓದುವುದೂ ಯಂತ್ರವೇ. ಮಗುವಿನ ವಯಸ್ಸಿನ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿದು ಅಂಕವನ್ನು ಸರಿದೂಗಿಸುತ್ತಾರೆ.

ದನಿ ಕೇಳಲು ಕಲಿಯುವುದು

ಪ್ರಶ್ನೆ ಬಿಡಿಸುವುದು ಒಂದು ವಿದ್ಯೆ, ಧ್ವನಿಮುದ್ರಿತ ಸೂಚನೆಯನ್ನು ಹಿಂಬಾಲಿಸುವುದು ಇನ್ನೊಂದು ವಿದ್ಯೆ. ಮನೆಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸುವ ಮಗುವಿನ ಪಕ್ಕದಲ್ಲಿ ಅಮ್ಮನೋ ಅಪ್ಪನೋ ಇರುತ್ತಾರೆ. "ಏನು ಮಾಡಬೇಕಮ್ಮಾ ಇಲ್ಲಿ?" ಎಂದು ಕೇಳಬಹುದು. ಪರೀಕ್ಷೆಯ ದನಿ ಉತ್ತರ ಕೊಡುವುದಿಲ್ಲ. ಹೀಗಾಗಿ ಮಕ್ಕಳನ್ನು ಸಿದ್ಧಗೊಳಿಸುವವರು ಈ ಕೇಳುವಿಕೆಯನ್ನೇ ಬೇರೆಯಾಗಿ ಕಲಿಸುತ್ತಾರೆ.

ಮೊದಲನೆಯ ಪಾಠ, ಕೈ ಕಟ್ಟಿ ಕೇಳುವುದು. ಚುರುಕಾದ ಮಗು ಉದಾಹರಣೆ ಕಂಡ ಕೂಡಲೇ ಮುಂದಿನ ಪ್ರಶ್ನೆಗೆ ಓಡುತ್ತದೆ. ದನಿ ಹೇಳಿದ ಮುಖ್ಯ ಷರತ್ತು ಆಗ ಕಿವಿಗೆ ಬೀಳುವುದಿಲ್ಲ. ಎರಡನೆಯದು, ಕಣ್ಣು ಮತ್ತು ಕಿವಿಯನ್ನು ಜೊತೆಯಲ್ಲಿ ಇಡುವುದು. ದನಿ ಒಂದು ಪುಟದ ಮಾತಾಡುವಾಗ ಬೆರಳು ಅದೇ ಪುಟದಲ್ಲಿರಬೇಕು, ಉತ್ತರ ಹಾಳೆಯಲ್ಲಿ ಅದೇ ಭಾಗದ ಮೇಲಿರಬೇಕು. ಒಂದು ಸಾಲು ತಪ್ಪಿದರೆ ಬರೆದ ಸರಿಯುತ್ತರಗಳೆಲ್ಲ ತಪ್ಪು ಚೌಕದಲ್ಲಿ ಬೀಳುತ್ತವೆ. ಮೂರನೆಯದು, ಅನುಮಾನವಿದ್ದರೆ ಗಡಿಯಾರ ಓಡುವ ಮೊದಲೇ ಕೈ ಎತ್ತುವುದು. ಆರಂಭವಾದ ಮೇಲೆ ಕೇಳಿ ಪ್ರಯೋಜನ ಕಡಿಮೆ. ನಾಲ್ಕನೆಯದು, ನಡುವೆ ಬರುವ ದನಿಗೆ ಬೆದರದಿರುವುದು. ಇನ್ನು ಒಂದೇ ನಿಮಿಷ ಉಳಿದಿದೆ ಎಂಬ ಎಚ್ಚರಿಕೆ ದೊಡ್ಡವರಿಗೆ ಸಹಾಯ, ಅಭ್ಯಾಸವಿಲ್ಲದ ಮಗುವಿಗೆ ಸಿಡಿಲು. ಐದನೆಯದು, ನಿಲ್ಲಿಸು ಎಂದಾಗ ನಿಲ್ಲಿಸುವುದು. ಮುಗಿಯದ ಭಾಗವನ್ನು ಮನಸ್ಸಿನಿಂದ ತೆಗೆದುಹಾಕಿ ಮುಂದಿನ ಸೂಚನೆಗೆ ಕಿವಿ ಕೊಡದಿದ್ದರೆ ಆ ಭಾಗವೂ ಕೈತಪ್ಪುತ್ತದೆ.

ಇದು ಬರೀ ಶಿಸ್ತಿನ ಮಾತಲ್ಲ. ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಗೆ ಮನೋವಿಜ್ಞಾನಿಗಳು ಕಾರ್ಯಸ್ಮೃತಿ ಎನ್ನುತ್ತಾರೆ. ಇದರಲ್ಲಿ ಮಕ್ಕಳ ನಡುವೆ ಬಹಳ ವ್ಯತ್ಯಾಸವಿದೆ. ಬ್ರಿಟನ್ನಿನ ಸೂಸನ್ ಗ್ಯಾದರ್‌ಕೋಲ್ ಮತ್ತು ಸಂಗಡಿಗರ ಅಧ್ಯಯನಗಳು ಒಂದು ಮುಖ್ಯ ವಿಷಯ ತಿಳಿಸಿವೆ. ಕಾರ್ಯಸ್ಮೃತಿ ಕಡಿಮೆಯಿರುವ ಮಗು ಮೂರು ನಾಲ್ಕು ಹಂತದ ಸೂಚನೆಯಲ್ಲಿ ಮೊದಲ ಹಂತ ಮಾಡಿ ಉಳಿದದ್ದನ್ನು ಮರೆಯುತ್ತದೆ. ಟೀಚರು ಇದನ್ನು ಗಮನ ಕೊಡದಿರುವುದು ಎಂದು ತಪ್ಪಾಗಿ ತಿಳಿಯುವುದುಂಟು. ಅಂಥ ಮಗುವಿಗೆ ತರಗತಿಯ ಟೀಚರು ಮಾತನ್ನು ತುಂಡುಮಾಡಿ ಹೇಳುತ್ತಾರೆ. ಮುದ್ರಿತ ದನಿಗೆ ಆ ಅನುಕೂಲವಿಲ್ಲ.

ಕೋಣೆಯೂ ಲೆಕ್ಕಕ್ಕೆ ಬರುತ್ತದೆ. ಗದ್ದಲದಲ್ಲಿ ಮಾತನ್ನು ಹೆಕ್ಕಿ ತೆಗೆಯುವುದು ದೊಡ್ಡವರಿಗಿಂತ ಮಕ್ಕಳಿಗೆ ಕಷ್ಟ. ಎತ್ತರದ ಮಾಡಿನ ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ಮಸುಕಾಗುತ್ತದೆ. ಶ್ರವಣದೋಷವಿರುವ ಮಗು ಎದುರಿಗಿರುವವರ ತುಟಿ ನೋಡಿ ಅರ್ಧ ಅರ್ಥ ಮಾಡಿಕೊಳ್ಳುತ್ತದೆ. ಯಂತ್ರಕ್ಕೆ ತುಟಿಯಿಲ್ಲ. 2010ರ ಸಮಾನತೆ ಕಾಯಿದೆಯ ಪ್ರಕಾರ ಅಂಥ ಮಕ್ಕಳಿಗೆ ಸೂಕ್ತ ಬದಲಾವಣೆ ಮಾಡಿಕೊಡಬೇಕು. ಆದರೆ ತಂದೆತಾಯಿಗೆ ಅದು ತಿಳಿದಿರಬೇಕು, ಮುಂಚಿತವಾಗಿ ಕೇಳಬೇಕು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಭಾರತೀಯ ಕುಟುಂಬಗಳಿಗೆ ಈ ಪರೀಕ್ಷೆ ಮನೆಮಾತು. ಅವರಲ್ಲಿ ಕನ್ನಡಿಗರೂ ಇದ್ದಾರೆ. ಊರಿನಿಂದ ಇತ್ತೀಚೆಗೆ ಹೋದ ಮನೆಯ ಮಗುವಿಗೆ ಲೆಕ್ಕ ಚೆನ್ನಾಗಿ ಬರಬಹುದು. ಆದರೆ ಕಿವಿಗೆ ಇಂಗ್ಲಿಷಿನ ಆ ಉಚ್ಚಾರಣೆ, ಆ ವೇಗ ಹೊಸದು. ಒಮ್ಮೆ ಹೇಳಿ ಮುಗಿದ ಮಾತು ಮತ್ತೆ ಬಾರದು. ಧಾರವಾಡದ ಮಗುವಿಗೆ ಧಾರವಾಡದ ಮಾತೇ ಬೇಕೆಂದು ಹಿಂದೆ ಕಂಡುಕೊಂಡ ಸತ್ಯ ಇಲ್ಲಿ ಮತ್ತೆ ಎದುರಾಗುತ್ತದೆ.

ಯಾರಿಗೆ ಯಾವಾಗ ಕೇಳಿತು

ಮನೆಪಾಠಕ್ಕೆ ಬಗ್ಗದ ಪರೀಕ್ಷೆ ಮಾಡಬೇಕೆಂಬ ಆಸೆ ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. 2013ರಲ್ಲಿ ಬಕಿಂಗ್‌ಹ್ಯಾಮ್‌ಷೈರ್ ಹಳೆಯ ಪರೀಕ್ಷೆ ಬಿಟ್ಟು ಡರ್ಹಮ್ ವಿಶ್ವವಿದ್ಯಾಲಯದ ಕೇಂದ್ರವೊಂದು ರೂಪಿಸಿದ ಹೊಸ ಪರೀಕ್ಷೆ ತಂದದ್ದು ಅದೇ ಆಸೆಯಿಂದ. ಬಹಳ ಬೇಗ ಹೊಸ ಮಾದರಿಯ ಅಭ್ಯಾಸಪುಸ್ತಕಗಳೂ ಅಣಕು ಪರೀಕ್ಷೆಗಳೂ ಮಾರುಕಟ್ಟೆಗೆ ಬಂದವು. 2018ರಲ್ಲಿ ಕೌಂಟಿ ಪರೀಕ್ಷೆಯ ಸಂಸ್ಥೆಯನ್ನೇ ಮತ್ತೆ ಬದಲಿಸಿತು. ಸಟನ್ ಟ್ರಸ್ಟ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗ್ರಾಮರ್ ಶಾಲೆ ಸೇರಿದ ಮಕ್ಕಳಲ್ಲಿ ಉಚಿತ ಊಟಕ್ಕೆ ಅರ್ಹರಾದ ಬಡವರು ಶೇಕಡ 3ಕ್ಕಿಂತ ಕಡಿಮೆ. ಹಳ್ಳಿಯ ಬಡ ಮಗುವನ್ನು ಹುಡುಕಲು ಹೊರಟ ಪರೀಕ್ಷೆ ತೊಂಬತ್ತು ವರ್ಷಗಳಲ್ಲಿ ಬಂದು ನಿಂತ ಜಾಗ ಇದು.

ಈ ಫಲಿತಾಂಶಕ್ಕೆ ಧ್ವನಿಮುದ್ರಣ ಕಾರಣವಲ್ಲ. ಆದರೆ ಅದರ ಇತಿಮಿತಿ ಇಲ್ಲಿ ಗೊತ್ತಾಗುತ್ತದೆ. ಟೇಪು ಹೇಳುವವರ ಪಕ್ಷಪಾತವನ್ನು ತೆಗೆದುಹಾಕಿತು, ಕೇಳುವವರ ನಡುವಿನ ಅಂತರವನ್ನು ಮುಟ್ಟಲಿಲ್ಲ. ಹಣ ಕೊಟ್ಟು ನಾಲ್ಕು ಅಣಕು ಪರೀಕ್ಷೆಗೆ ಹೋಗಿಬಂದ ಮಗುವಿಗೆ ಆ ದನಿ ಹಳೆಯ ಪರಿಚಯ. ಅದು ಯಾವಾಗ ತಡೆಯುತ್ತದೆ, ಯಾವಾಗ ಎಚ್ಚರಿಸುತ್ತದೆ ಎಂಬುದು ಆ ಮಗುವಿಗೆ ಗೊತ್ತು. ಇನ್ನೊಂದು ಮಗು ಆ ಹೊತ್ತಿನಲ್ಲಿ ದನಿಗೆ ಹೊಂದಿಕೊಳ್ಳುವುದರಲ್ಲೇ ಮೊದಲ ಕೆಲವು ನಿಮಿಷ ಕಳೆಯುತ್ತದೆ.

ವರ್ನನ್ ಕಾಲದಲ್ಲಿ ಕಂಡುಕೊಂಡ ಪರಿಹಾರ ಈಗಲೂ ಹಳೆಯದಾಗಿಲ್ಲ. ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ಪ್ರತ್ಯೇಕ ಅರ್ಜಿ ಹಾಕಬೇಕಿಲ್ಲ. ತಂದೆತಾಯಿ ಬೇಡವೆನ್ನದ ಹೊರತು ಮಗು ತಾನಾಗಿಯೇ ಪರೀಕ್ಷೆಯ ಪಟ್ಟಿಯಲ್ಲಿರುತ್ತದೆ. ಪರೀಕ್ಷೆ ನಡೆಯುವುದೂ ಅವರದೇ ಶಾಲೆಯಲ್ಲಿ. ಅಂಕವಿಲ್ಲದ ಒಂದು ಅಭ್ಯಾಸ ಪರೀಕ್ಷೆಯನ್ನು ಕೆಲವು ದಿನ ಮೊದಲು ಎಲ್ಲರಿಗೂ ನಡೆಸುತ್ತಾರೆ. ಪರೀಕ್ಷೆ ತಯಾರಿಸುವ ಸಂಸ್ಥೆಗಳೂ ಪರಿಚಯದ ಪುಸ್ತಿಕೆಗಳನ್ನು ಉಚಿತವಾಗಿ ಕೊಡುತ್ತವೆ. ಬಡ ಮಗುವಿಗೆ ಇದು ದೊಡ್ಡ ಆಸರೆ. ಆದರೆ ಒಂದು ದಿನದ ಪರಿಚಯ ಒಂದು ವರ್ಷದ ತರಬೇತಿಗೆ ಸಮನಾಗದು. ಕೆಲವು ಗಂಟೆಗಳ ಅಭ್ಯಾಸದಿಂದ ಹೆಚ್ಚಿನ ಲಾಭ ಸಿಗುತ್ತದೆಂಬುದು ನಿಜವಾದರೆ, ಆ ಕೆಲವು ಗಂಟೆಗಳನ್ನು ಎಲ್ಲ ಶಾಲೆಗಳಲ್ಲೂ, ಅದೇ ದನಿಯೊಂದಿಗೆ, ಟೀಚರು ಪಕ್ಕದಲ್ಲಿರುವಾಗ ಕೊಡುವುದು ಅಸಾಧ್ಯದ ಕೆಲಸವಲ್ಲ.

ಪರೀಕ್ಷೆ ಮುಗಿದ ಮೇಲೆ ಟೀಚರು ಮತ್ತೆ ಗುಂಡಿ ಒತ್ತುತ್ತಾರೆ, ದನಿ ನಿಲ್ಲುತ್ತದೆ. ಹಾಳೆಗಳು ಯಂತ್ರದ ಕಡೆಗೆ ಹೊರಡುತ್ತವೆ. ಆ ಹಾಳೆಯಲ್ಲಿ ಮಗು ತಪ್ಪಿದ್ದು ಪ್ರಶ್ನೆ ತಿಳಿಯದೆಯೋ, ಮಾತು ಕೇಳಿಸದೆಯೋ ಎಂಬುದು ಯಂತ್ರಕ್ಕೆ ಕಾಣಿಸುವುದಿಲ್ಲ. ಅದು ಕಾಣಿಸುತ್ತಿದ್ದುದು ಬಿನೆಯ ಹಾಗೆ ಎದುರಿಗೆ ಕುಳಿತು ಮಗುವಿನ ಮುಖ ನೋಡುತ್ತಿದ್ದವರಿಗೆ.